ಒಂದೇ ವೈರಿನ ಕೇಬಲ್ಲಿನವರು

ತೊಂಬತ್ತರ ದಶಕದಲ್ಲಿ ಶಿಕಾರಿಪುರದ ನಮ್ಮ ಓಣಿಗೆ ಟಿವಿ ಕೇಬಲ್ ಎಳೆದವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕೇಬಲ್ಲಿನವರು ಅಂದರೆ ಮುಗೀತು. ಹೆಗಲಿಗೆ ಕಪ್ಪು ವೈರಿನ ಸುರುಳಿ, ಬಾಯಲ್ಲಿ ಎಲೆ ಅಡಿಕೆ. ಅವರ ವ್ಯಾಪಾರದ ತಂತ್ರ ಬಹಳ ಸರಳವಾಗಿತ್ತು. ಸಿಗ್ನಲ್ಲಿಗೆ ಬಲ ಕೊಡುವ ಬೂಸ್ಟರ್ ಕೊಳ್ಳಬಾರದು, ಇದ್ದ ವೈರಿಗೇ ಹೊಸ ಮನೆ ಸೇರಿಸುತ್ತಾ ಹೋಗಬೇಕು. "ಒಂದು ಮನಿ ಅಷ್ಟೇರಿ, ಏನಾಗ್ತತಿ?" ಅನ್ನುತ್ತಿದ್ದರು. ಒಂದೊಂದು ಮನೆ ಸೇರಿದಾಗಲೂ ನಮ್ಮ ಟಿವಿಯ ಚಿತ್ರ ಮಸುಕಾಗಿ, ಪರದೆ ತುಂಬ ಇರುವೆ ಹರಿದಾಡಿದಂತೆ ಕಾಣುತ್ತಿತ್ತು. ದೂರು ಹೇಳಿದರೆ ಬಂದು ಪಿನ್ ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಿ ಹೋಗುತ್ತಿದ್ದರು.

ಒಂದು ಭಾನುವಾರ ಕ್ರಿಕೆಟ್ ಪಂದ್ಯದ ಕೊನೆಯ ಓವರುಗಳಲ್ಲಿ ಬ್ಯಾಟೂ ಕಾಣದು, ಚೆಂಡೂ ಕಾಣದು. ಅಪ್ಪ ಫೋನ್ ಮಾಡಿ ಕೂಗಾಡಿದರು.

"ಎಲ್ರೂ ಒಂದೇ ಸಲ ನೋಡಿದ್ರೆ ವೈರ್ ತಡಿಬೇಕಲ್ರಿ? ಅರ್ಧ ಓಣಿ ಟಿವಿ ಬಂದ್ ಮಾಡ್ರಿ, ಕ್ಲಿಯರ್ ಆಗ್ತತಿ" ಎಂದರು ಕೇಬಲ್ಲಿನವರು.

ನಂಬಿದೆವು. ನಮ್ಮ ಸಾಲಿನವರೆಲ್ಲ ಟಿವಿ ಬಂದ್ ಮಾಡಿ ಎದುರುಮನೆ ಮೇಷ್ಟ್ರ ಪಡಸಾಲೆಗೆ ನುಗ್ಗಿದೆವು. ಅಲ್ಲೂ ಇರುವೆ! ಮೇಷ್ಟ್ರ ಹೆಂಡತಿಗೆ ರೇಗಿಹೋಯಿತು. "ಇದನ್ನೂ ಬಂದ್ ಮಾಡ್ರಿ, ನಡೀರಿ ಆ ಮಹಾರಾಯನ ಮನೀಗೇ ಹೋಗಣ" ಎಂದು ಚಪ್ಪಲಿ ಮೆಟ್ಟಿದರು.

ಪಕ್ಕದ ಓಣಿಯಲ್ಲಿದ್ದ ಕೇಬಲ್ಲಿನವರ ಮನೆಗೆ ಇಡೀ ದಂಡು ಹೋಯಿತು. ಅವರು ಮಂಡಕ್ಕಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವರ ಟಿವಿಯಲ್ಲಿ ಅಂಪೈರ್ ಅಂಗಿಯ ಗುಂಡಿಯೂ ಕಾಣುತ್ತಿತ್ತು. ಅಪ್ಪ ಬಾಯಿ ತೆರೆಯುವ ಮೊದಲೇ ಅವರು ಜರುಗಿ ಚಾಪೆ ತೋರಿಸಿದರು.

"ಬರ್ರಿ, ಕೂಡ್ರಿ. ನಾ ಹೇಳಿದ್ದು ಸುಳ್ಳಾತೇನ್ರಿ? ನೀವೆಲ್ಲ ಬಂದ್ ಮಾಡಿದ್ರಿ, ಇಲ್ಲಿ ನೋಡ್ರಿ ಹೆಂಗ್ ಕ್ಲಿಯರ್ ಬಂತು!"