ರೇಟು ಬರೆದ ಭಂಡಾರ

ಹಿರೇಹಡಗಲಿಯ ಕೊಟ್ರಬಸಮ್ಮ ಸಿಟ್ಟು ಬಂದರೆ ಕೂಗಾಡುವವಳಲ್ಲ. ಕೈಯಲ್ಲಿದ್ದ ಕೆಲಸ ನಿಲ್ಲಿಸಿ ಎದುರಿನವರ ಮುಖವನ್ನೇ ನೋಡುತ್ತಾಳೆ, ಅಷ್ಟೆ. ಅಂಥವಳು ೨೦೦೩ರಲ್ಲಿ ಹಡಗಲಿಯ ಕಲ್ಯಾಣ ಮಂಟಪದೊಳಗೆ ಮುನ್ನೂರು ಮಂದಿಯ ಮುಂದೆ ಮೈಕು ಹಿಡಿಯಬೇಕಾಯಿತು. ಹಿಡಿಯುವಂತೆ ಮಾಡಿದವನು ಜಂಬಣ್ಣ ಮಾಸ್ತರ. ಓದಿದವನು ಕೆಟ್ಟರೆ ಊರಿಗೇ ಕೇಡು ಎನ್ನುವುದು ಇಂಥವನನ್ನು ನೋಡಿಯೇ ಇರಬೇಕು.

ಆಕೆಯ ಗಂಡ ದೊಡ್ಡಬೀರಪ್ಪ ಕುರಿ ಕಾಯುವವನು. ಹಿಂಡಿನಲ್ಲಿ ಒಂದು ಮರಿ ಕುಂಟಿದರೂ ಹೊಲದ ಆ ತುದಿಯಿಂದಲೇ ಹೇಳುತ್ತಿದ್ದ. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವನು ಹಟ್ಟಿಯ ಗೋಡೆಗೆ ಒರಗಿ ಕೂತವನು ಏಳಲೇ ಇಲ್ಲ. ಕುರಿ ಬಂದವೋ ಹೋದವೋ ಕೇಳುತ್ತಿರಲಿಲ್ಲ. ರೊಟ್ಟಿ ಮುಂದಿಟ್ಟರೆ ಇಟ್ಟಂತೆಯೇ ಇರುತ್ತಿತ್ತು. ಏನಾಗಿದೆ ಎಂದರೆ ಒಂದೇ ಮಾತು, "ತ್ರಾಣ ಇಲ್ಲ." ಕಾಲು ಮುರಿದಿದ್ದರೆ ಇದೇ ಊರು ಹಾಲು ತಂದು ಕೊಡುತ್ತಿತ್ತು. ಮನಸ್ಸು ಮುರಿದದ್ದಕ್ಕೆ "ಕುಂತು ಉಣ್ಣೋ ರೋಗ ಬಂದೈತಿ" ಎಂದು ನಕ್ಕಿತು. 

ಕಣ್ಣು ತೋರಿಸಿಕೊಂಡು ಬರುತ್ತೇವೆ ಎಂದು ಊರಿಗೆ ಸುಳ್ಳು ಹೇಳಿ ಕೊಟ್ರಬಸಮ್ಮ ಗಂಡನನ್ನು ದಾವಣಗೆರೆಗೆ, ಮನೋರೋಗದ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಸುಳ್ಳಿಗೆ ಕಾರಣವಿತ್ತು. ಮಗಳು ಪುಷ್ಪಲತಾಗೆ ಕೂಡ್ಲಿಗಿ ಕಡೆಯ ಒಂದು ಸಂಬಂಧ ಮಾತಿನಲ್ಲಿತ್ತು. ಬೀಗರಾಗುವವರ ಕಿವಿಗೆ "ಹುಚ್ಚರ ಡಾಕ್ಟ್ರು" ಎಂಬ ಶಬ್ದ ಬಿದ್ದರೆ ಆ ಮಾತು ಅಲ್ಲಿಗೇ ನಿಲ್ಲುತ್ತಿತ್ತು.

"ಇದಕ್ಕೆ ಖಿನ್ನತೆ ಅಂತಾರೆ. ಸೋಮಾರಿತನ ಅಲ್ಲಮ್ಮ, ಕಾಯಿಲೆ. ಗುಳಿಗೆ ನಿಧಾನಕ್ಕೆ ಹಿಡಿಯುತ್ತೆ. ಚಲೋ ಆಯ್ತು ಅಂತ ನೀವಾಗೇ ಬಿಡಬೇಡಿ," ಎಂದರು ಡಾಕ್ಟರಮ್ಮ.

ಒಂದು ತಿಂಗಳು ಏನೂ ಕಾಣಲಿಲ್ಲ. ಎರಡನೇ ತಿಂಗಳ ಒಂದು ಬೆಳಿಗ್ಗೆ ಅವನು, "ಲೇ ಕೊಟ್ರಿ, ಆ ಕರಿ ಕುರಿ ಈದೈತೇನು?" ಎಂದು ಕೇಳಿದ. ಅವಳು ಹಿತ್ತಲಿಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಜಂಬಣ್ಣ ಬಂದದ್ದು ಸರಿಯಾಗಿ ಆಗಲೇ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಮಾಸ್ತರ, ರಜೆಯಲ್ಲಿ ಮಂದಿಯನ್ನು ಮೆಂಬರು ಮಾಡಿಸುತ್ತ ಚೈನ್ ಕಂಪನಿಯ ಡಬ್ಬಿ ಮಾರುವವನು. ಬಿರುಬೇಸಿಗೆಯಲ್ಲೂ ಕೋಟು ಹಾಕಿದ್ದ. ಕಟ್ಟೆಯ ಮೇಲೆ ಕೂತು ಹಳದಿ ಪುಡಿಯ ಡಬ್ಬಿ ತೆಗೆದ.

"ನೋಡು ಬೀರಣ್ಣ, ನಿನ್ನ ಮಿದುಳು ಈಗ ಸಿಂಗಲ್ ಫೇಸಿನಾಗ ಐತಿ. ಲೈಟು ಹತ್ತತೈತಿ, ಮೋಟ್ರು ಎತ್ತಂಗಿಲ್ಲ. ಯಾಕಂದ್ರ ಒಳಗ ಜೀವಕಣಕ್ಕ ತುಕ್ಕು ಹಿಡದೈತಿ. ಇದು ಆಂಟಿ ಆಕ್ಸಿಡೆಂಟು. ತುಕ್ಕು ತಗದು ತ್ರೀ ಫೇಸ್ ಕೊಡ್ತೈತಿ."

ದೊಡ್ಡಬೀರಪ್ಪ ತಲೆಯೆತ್ತಿ ನೋಡಿದ. ತನ್ನೊಳಗಿನ ಸ್ಥಿತಿಯನ್ನು ಅಷ್ಟು ಸರಿಯಾಗಿ ಅವನಿಗೆ ಯಾರೂ ಹೇಳಿರಲಿಲ್ಲ. ಹೊಟ್ಟೆ ಉರಿಯುವುದು ಇಲ್ಲಿಯೇ. ಹೋಲಿಕೆ ಚೆನ್ನಾಗಿತ್ತು, ಮದ್ದು ಮಾತ್ರ ಮೋಸದ್ದು.

ಅವನು ಅನುಮಾನಿಸಿದ್ದನ್ನು ಕಂಡು ಮಾಸ್ತರ ಕೊನೆಯ ಮಾತು ಬಿಟ್ಟ. "ಇದರಾಗಿರೋದು ಅರಿಷಿಣದ ಸತ್ವ. ಅಂದ್ರ ನಿಮ್ಮ ಬೀರಪ್ಪನ ಭಂಡಾರನ ಅಂತ ತಿಳಕ."

ಮನೆದೇವರು ಬೀರಪ್ಪನ ಗುಡಿಯಲ್ಲಿ ಹಣೆಗಿಟ್ಟು ಹರಸುವ ಅರಿಷಿಣದ ಪುಡಿಯೇ ಭಂಡಾರ. ಅದನ್ನು ಬೇಡ ಎನ್ನುವ ಬಾಯಿ ಆ ಮನೆಯಲ್ಲಿ ಇನ್ನೂ ಹುಟ್ಟಿಲ್ಲ. ಮೇಲೆ ಆ ಮನೆತನದ ಒಂದು ಕಟ್ಟಳೆಯಿತ್ತು: ರೋಗಕ್ಕೆಂದು ಭಂಡಾರ ಹಿಡಿದರೆ ಒಂಬತ್ತು ಭಾನುವಾರ ಬೇರೆ ಔಷಧ ಮುಟ್ಟಬಾರದು. ಮಾಸ್ತರನಿಗೆ ಕಟ್ಟಳೆ ಗೊತ್ತಿರಲಿಲ್ಲ. ಮನೆಯಲ್ಲಿ ಗುಳಿಗೆ ಇರುವುದೂ ಗೊತ್ತಿರಲಿಲ್ಲ. ಆದರೆ ದೇವರ ಹೆಸರು ಹೇಳಿದರೆ ಇವರು ಕೈಯೊಡ್ಡುತ್ತಾರೆ ಎನ್ನುವುದು ಚೆನ್ನಾಗಿ ಗೊತ್ತಿತ್ತು. ದೊಡ್ಡಬೀರಪ್ಪ ಎರಡೂ ಕೈಯಲ್ಲಿ ಡಬ್ಬಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಗುಳಿಗೆಯ ಚೀಟಿ ಜಂತಿಯ ಸಂದಿ ಸೇರಿತು. 

ಮೂರನೇ ಭಾನುವಾರಕ್ಕೆ ಅವನು ಮತ್ತೆ ಗೋಡೆಗೆ ಒರಗಿದ. ಐದನೇ ಭಾನುವಾರ ಹೆಗಲ ಕಂಬಳಿಯನ್ನು ಮಡಚಿ ತಮ್ಮನ ಕೈಗಿಟ್ಟು, "ನೀ ಹೊದ್ದುಕ" ಎಂದ. ಅವರಲ್ಲಿ ಹಿರಿಯನ ಕಂಬಳಿ ಕಿರಿಯನ ಹೆಗಲಿಗೆ ಹೋಗುವುದು ಹಿರಿಯ ಮಣ್ಣಿಗೆ ಹೋದ ಮೇಲೆ.  ಗಂಡ ಸಾಯಲು ಹೊರಟಿದ್ದಾನೆ ಎಂದು ಕೊಟ್ರಬಸಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮೈದುನನನ್ನು ಅವನ ಪಕ್ಕ ಕೂರಿಸಿ, ಏಳಬೇಡ ಎಂದು ಹೇಳಿ, ಡಬ್ಬಿ ಹಿಡಿದುಕೊಂಡು ಗುಡಿಗೆ ಓಡಿದಳು.

ಮುದಿ ಪೂಜಾರಿ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದರ ಮ್ಯಾಲೆ ರೇಟು ಬರದೈತಲ್ಲವ್ವ. ದ್ಯಾವ್ರ ಭಂಡಾರಕ್ಕ ಯಾವತ್ತು ರೇಟು ಇತ್ತು? ಇದು ಭಂಡಾರ ಅಲ್ಲ, ಇದಕ್ಕ ಕಟ್ಟಳೀನೂ ಇಲ್ಲ. ಹೋಗು, ಅವನ ಗುಳಿಗಿ ಅವನಿಗೆ ಕೊಡು."

ಅಂಕಿ ಬಿಟ್ಟರೆ ಓದು ಬರಹ ಬಾರದ ಪೂಜಾರಿಗೆ ಹೊಳೆದದ್ದು ವಿಜ್ಞಾನದ ಮಾಸ್ತರನಿಗೆ ಹೊಳೆಯಲಿಲ್ಲವೇ ಎಂದು ಅವಳು ಗಂಡನನ್ನು ಕೂರಿಸಿಕೊಂಡು ದಾವಣಗೆರೆಯ ಬಸ್ಸಿನ ದಾರಿಯುದ್ದಕ್ಕೂ ಹಲ್ಲು ಕಡಿದಳು. ಡಾಕ್ಟರಮ್ಮ ಬೈಯಲಿಲ್ಲ. "ಮಿದುಳಿಗೆ ಶಕ್ತಿ ಬೇಕು ಅನ್ನೋದು ಸುಳ್ಳಲ್ಲ. ದೊಡ್ಡ ದೊಡ್ಡವರು ಇನ್ನೂ ಅದನ್ನ ಹುಡುಕ್ತಾ ಇದಾರೆ. ಆದರೆ ಪುಡಿ ತಿಂದು ಗುಳಿಗೆ ಬಿಡಿ ಅಂತ ಹೇಳೋ ಅಷ್ಟು ಯಾರಿಗೂ ಗೊತ್ತಾಗಿಲ್ಲ," ಎಂದರು. ಹತ್ತು ದಿನ ಅವನನ್ನು ಅಲ್ಲಿಯೇ ಇಟ್ಟುಕೊಂಡು ಕಳಿಸಿದರು.

ದಸರೆಯ ಹೊತ್ತಿಗೆ ದೊಡ್ಡಬೀರಪ್ಪ ಕಂಬಳಿ ವಾಪಸು ಪಡೆದು ಕುರಿಯ ಹಿಂದೆ ಹೊರಟ. ಅವನನ್ನು ಅಡವಿಯಲ್ಲಿ ಕಂಡ ಜಂಬಣ್ಣ ಕೊಟ್ಟೂರು, ಹರಪನಹಳ್ಳಿಯ ತನಕ ಸುದ್ದಿ ಹಬ್ಬಿಸಿದ: ನನ್ನ ಪುಡಿಯಿಂದ ಎದ್ದ ಮನುಷ್ಯ. ಗುಟ್ಟು ಕಾಯುತ್ತಿದ್ದ ಕೊಟ್ರಬಸಮ್ಮ ಅದನ್ನೂ ನುಂಗಿಕೊಂಡಳು. ಆದರೆ ಒಂದು ದಿನ ಮೇಲಿನ ಓಣಿಯ ನೀಲಗಂಗಮ್ಮ ಬಂದು, "ನಿಮ್ಮನಿಯವ್ರಿಗೆ ಚಲೋ ಆತಂತಲ್ಲ, ನನ್ನ ಮಗಳಿಗೂ ಅದ ಪುಡಿ ತಂದೀನಿ. ಹಡದಾಗಿಂದ ಮಾತಿಲ್ಲ ಕತಿ ಇಲ್ಲ. ದಾವಣಗೆರಿ ಗುಳಿಗಿ ನಿಲ್ಲಿಸೀನಿ," ಎಂದಳು. ಕೊಟ್ರಬಸಮ್ಮನ ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು. ನಿಲ್ಲಿಸಬ್ಯಾಡ, ತಿರುಗಿ ಕೊಡು ಎಂದಳು. ಯಾಕೆ ಎಂದರೆ ಹೇಳಲಾಗಲಿಲ್ಲ. ನಿಮಗಾಗಬಹುದು ನಮಗಾಗಬಾರದೇನು ಎಂದು ನೀಲಗಂಗಮ್ಮ ಮುನಿಸಿಕೊಂಡು ಹೋದಳು.

ಮುಂದಿನ ವಾರವೇ ಹಡಗಲಿಯ ಕಲ್ಯಾಣ ಮಂಟಪದಲ್ಲಿ ಕಂಪನಿಯ ಸಭೆ. ಗಂಡ ಹೆಂಡತಿ ಬಂದು ಎರಡು ಮಾತು ಹೇಳಬೇಕೆಂದು ಜಂಬಣ್ಣ ಜೀಪನ್ನೇ ಕಳಿಸಿದ. ನಿಜ ಹೇಳಿಬಿಡಬೇಕೆಂದೇ ಕೊಟ್ರಬಸಮ್ಮ ಗಂಡನೊಡನೆ ಹತ್ತಿದಳು. ಒಳಗೆ ಹೋಗಿ ನೋಡಿದರೆ ಮುಂದಿನ ಸಾಲಿನಲ್ಲಿ ಕೂಡ್ಲಿಗಿ ಗಂಡಿನ ಚಿಕ್ಕಪ್ಪ ಕೂತಿದ್ದ. ಅವನೂ ಕಂಪನಿಯ ಮೆಂಬರು. ನೀಲಗಂಗಮ್ಮ ಹಿಂದಿನ ಸಾಲಿನಲ್ಲಿದ್ದಳು. ದೊಡ್ಡಬೀರಪ್ಪ ಬಾಗಿಲ ಬಳಿಯೇ ನಿಂತ.

ಮೈಕು ಕೈಗೆ ಬಂತು. "ಇವ್ರಿಗೆ ಚಲೋ ಆಗೈತ್ರಿ," ಎಂದಳು. ಮುನ್ನೂರು ಮಂದಿ ಚಪ್ಪಾಳೆ ತಟ್ಟಿದರು. ನಿಲ್ಲುವ ತನಕ ಕಾದು, "ಪುಡಿಯಿಂದ ಅಲ್ರಿ. ಪುಡಿ ತಗಂಡು ಇವ್ರು ಸಾಯಾಕ ಹೊಂಟಿದ್ರು," ಎಂದಳು.

ಜಂಬಣ್ಣ ನಗುತ್ತಲೇ ಹತ್ತಿರ ಬಂದ. "ಮತ್ಯಾತರಿಂದ ಚಲೋ ಆತಮ್ಮ? ಅದನ್ನಾರ ಹೇಳು, ಮಂದಿ ಕೇಳಲಿ."

ಅವಳು ಅವನ ಮುಖವನ್ನೇ ನೋಡಿದಳು. ಚಿಕ್ಕಪ್ಪ ಕುತ್ತಿಗೆ ಮುಂದೆ ಚಾಚಿದ. ಪುಷ್ಪಲತಾಳ ಬಾಳು ನಾಲಿಗೆಯ ತುದಿಗೆ ಬಂದು ನಿಂತಿತ್ತು. 

ಆಗ ಬಾಗಿಲ ಬಳಿಯಿಂದ ದೊಡ್ಡಬೀರಪ್ಪ ಮಾತಾಡಿದ. ಮೈಕು ಬೇಕಿರಲಿಲ್ಲ, ಅಡವಿಯಲ್ಲಿ ಕುರಿ ಕರೆದ ಗಂಟಲು ಅದು.

"ಹುಚ್ಚರ ಡಾಕ್ಟ್ರ ಗುಳಿಗಿಯಿಂದ ಚಲೋ ಆಗೈತ್ರಿ. ಇವತ್ತು ಮುಂಜಾನಿನೂ ನುಂಗೀನಿ, ನಾಳಿನೂ ನುಂಗತೀನಿ. ಪುಷ್ಪಾನ್ನ ಒಲ್ಲದವ್ರು ಒಲ್ಲೆ ಅನ್ರಿ. ನೀಲಗಂಗವ್ವ, ನಿನ್ನ ಮಗಳಿಗೆ ಗುಳಿಗಿ ತಿರುಗಿ ಶುರು ಮಾಡು."

ಚಿಕ್ಕಪ್ಪ ಟವೆಲ್ಲು ಕೊಡವಿ ಎದ್ದು ಹೊರಗೆ ನಡೆದ. ಯಾರೂ ಅವನನ್ನು ಕರೆಯಲಿಲ್ಲ. ನೀಲಗಂಗಮ್ಮ ಚೀಲದಿಂದ ಡಬ್ಬಿ ತೆಗೆದು ಕುರ್ಚಿಯ ಮೇಲಿಟ್ಟು, ಬಾಗಿಲ ಬಳಿಗೆ ಬಂದು ಕೇಳಿದಳು:

"ಯಣ್ಣಾ, ಇಲ್ಲಿಂದ ದಾವಣಗೆರಿ ಬಸ್ಸು ಎಷ್ಟೊತ್ತಿಗೈತಿ?"