ದೊಡ್ಡತಾತ ಇ-ರೀಡರ್ ಪರೀಕ್ಷಿಸಿದ ವಾರ

ನಮ್ಮ ದೊಡ್ಡತಾತ ಕನ್ನಡಿಯನ್ನೂ ಸುಮ್ಮನೆ ನಂಬುತ್ತಿರಲಿಲ್ಲ. ಒಳಗಿರುವ ಮುದುಕ ತಾನೇ ಹೌದೋ ಅಲ್ಲವೋ ಎಂದು ಒಮ್ಮೆ ಮೀಸೆ ಎಳೆದು ನೋಡಿ, ಅವನೂ ಎಳೆದುಕೊಂಡ ಮೇಲೆಯೇ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದರು. ನಾನು ಸ್ವಲ್ಪ ಉಬ್ಬಿಸಿ ಹೇಳುವವಳು, ಒಪ್ಪುತ್ತೇನೆ. ಆದರೆ ಮೀಸೆ ಎಳೆದದ್ದು ನಿಜ.

ಅವರು ನನ್ನ ತಾತನ ಅಣ್ಣ. ಅಬ್ಬಿಗೆರೆಯ ನಮ್ಮ ಹೊಲಗಳೆಲ್ಲ ಬಾಡಿಗೆ ಮನೆಗಳಾಗುವ ಮೊದಲು, ಯಾರೇ ಎತ್ತು ಕೊಳ್ಳಲಿ, ಇವರನ್ನು ಜೊತೆಗೆ ಕರೆದೊಯ್ಯುತ್ತಿದ್ದರಂತೆ. ಹಲ್ಲು ಎಣಿಸಿ, ಸುಳಿ ನೋಡಿ, ಹತ್ತು ಹೆಜ್ಜೆ ನಡೆಸಿ, ನೀರು ಕುಡಿಸಿ ತೀರ್ಪು ಕೊಡುತ್ತಿದ್ದರು. ಎತ್ತುಗಳು ಹೋದರೂ ಪರೀಕ್ಷೆ ಹೋಗಲಿಲ್ಲ. ನಮ್ಮತ್ತೆಯನ್ನು ನೋಡಲು ಬಂದ ಗಂಡನ್ನು ಬಸ್ ಸ್ಟಾಪಿನವರೆಗೆ ನಡೆಸಿಕೊಂಡು ಹೋಗಿ, ತಾವು ಹಿಂದೆ ಉಳಿದು ಅವನ ನಡಿಗೆ ನೋಡಿ, ಮನೆಗೆ ಬಂದ ಮೇಲೆ ಒಂದು ಚೊಂಬು ನೀರು ಕುಡಿಸಿ, ಆಗುತ್ತೆ ಎಂದರು. ಆ ಮಾವ ದೊಡ್ಡತಾತ ಇರುವ ತನಕ ನಮ್ಮಂಗಳದಲ್ಲಿ ಪೆರೇಡ್ ಮಾಡಿದಂತೆ ನಡೆಯುತ್ತಿದ್ದರು.

ಇಂಥವರಿಗೆ ಪತ್ತೇದಾರಿ ಕಾದಂಬರಿಯ ಹುಚ್ಚು. ಹತ್ತನೇ ಪುಟಕ್ಕೆ ಕಥೆಯಲ್ಲಿರುವ ಎಲ್ಲರ ಮೇಲೂ ಅನುಮಾನ, ಹೆಣವನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಕೊಲೆಗಾರ ಯಾರೇ ಆಗಲಿ, ಕೊನೆಗೆ "ನಾನಾಗ್ಲೇ ಯೋಳಿರ್ನಿಲ್ವಾ" ಎನ್ನಲು ಅಡ್ಡಿ ಇರಲಿಲ್ಲ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅವರ ಕಣ್ಣು ಕೈಕೊಟ್ಟಿತು. ಕನ್ನಡಕ ಬದಲಿಸಿ ಉಪಯೋಗವಿಲ್ಲ, ಅಕ್ಷರ ಬೆರಳುದ್ದ ಇದ್ದರೆ ಓದಬಹುದು ಎಂದರು ಡಾಕ್ಟರು. ದೊಡ್ಡತಾತ ಪುಸ್ತಕವನ್ನು ಮೂಗಿಗೆ ಒತ್ತಿಕೊಂಡು ಕೂತು, ಸಂಜೆಗೆ ಒಂದು ಪುಟ ಮುಗಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಊಟ ಅರ್ಧವಾಯಿತು. ಯಾರ ಮೇಲೂ ಅನುಮಾನಪಡುವುದನ್ನೇ ಬಿಟ್ಟರು. ಮನೆಯವರಿಗೆ ಗಾಬರಿಯಾದದ್ದು ಆಗ.

ಮಹಡಿಯ ಮನೆಯಲ್ಲಿ ಬಾಡಿಗೆಗಿದ್ದ ಟೀಚರ್ ಹತ್ತಿರ ಪುಸ್ತಕಗಳನ್ನು ಪರದೆಯ ಮೇಲೆ ಓದುವ ಇ-ರೀಡರ್ ಇತ್ತು. ಇಂಥದ್ದೇ ಒಂದು ಕೊಂಡುಬಿಡೋಣ ಎಂದು ನಾನು ಭಾಷಣ ಶುರುಮಾಡಿದೆ. ಅಕ್ಷರ ಎಷ್ಟು ಬೇಕಾದರೂ ದೊಡ್ಡದಾಗುತ್ತೆ, ಸಾವಿರ ಪುಸ್ತಕ ಹಿಡಿಯುತ್ತೆ, ಇಲಿ ಕಡಿಯಲ್ಲ. ಒಂದು ತಿಂಗಳಲ್ಲಿ ಅದು ನನ್ನ ಸ್ಕೂಲ್ ಬ್ಯಾಗಿಗೆ ಇಳಿಯುತ್ತೆ, ಕ್ಲಾಸಿನಲ್ಲಿ ಎಲ್ಲರ ಹೊಟ್ಟೆ ಉರಿಯುತ್ತೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಂಡೆ. ಟೀಚರ್ ಒಂದು ವಾರಕ್ಕೆ ತಮ್ಮದನ್ನೇ ಕೊಟ್ಟರು.

ದೊಡ್ಡತಾತ ಅಂಗೈಯಲ್ಲಿ ತೂಗಿದರು. ಮೂಸಿದರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸಾವಿರ ಪುಸ್ತಕ ನುಂಗಿಯೂ ತೂಕ ಏರಲಿಲ್ಲವಲ್ಲ, ಅದಕ್ಕೇನು ಕಾರಣ ಎಂದು ಕೇಳಿದರು. ಬಿಸಿಲಿಗೆ ಒಯ್ದರು, ಬಿಸಿಲಲ್ಲೂ ಪುಟ ಕಾಗದದಂತೆಯೇ ನಿಚ್ಚಳವಾಗಿತ್ತು. ಅದೊಂದು ಗುಣ ಎಂದು ಒಪ್ಪಿದರು. ಮೇವೇನು ಎಂದರು, ಕರೆಂಟು ಎಂದೆ. ನಮ್ಮೂರಲ್ಲಿ ಕರೆಂಟಿನ ನಡತೆ ಅವರಿಗೆ ಗೊತ್ತಿತ್ತು.

"ಓದಿದ್ ಮ್ಯಾಲೆ ಪುಸ್ತಕಾನ ಪಕ್ಕದ್ಮನೆ ನಂಜಪ್ಪಂಗೆ ಕೊಡ್ಬೋದಾ?"

"ಆಗಲ್ಲ ತಾತ. ಅದರೊಳಗೇ ಇರುತ್ತೆ."

"ಕಾಸ್ ನಂದು, ಕೊಡೋಕ್ ಮಾತ್ರ ಆಗಾಕಿಲ್ಲ. ಅಂಗಾರೆ ಅದು ನಂದೆಂಗೆ?"

ಆರನೇ ದಿನ ಯಂತ್ರವನ್ನು ನನ್ನ ಮುಂದಿಟ್ಟರು. "ಅಮ್ಮಣ್ಣಿ, ಇದ್ರಾಗೆ ಒಂದ್ ಕನ್ನಡ ಪುಸ್ತಕ ತಗಿ."

ನಾನು ಬೇರೆ ಯಾವುದೋ ಪುಸ್ತಕ ತೆರೆದು ಅಕ್ಷರ ದೊಡ್ಡದು ಮಾಡತೊಡಗಿದೆ.

"ಇದು ಇಂಗ್ಲಿಸು. ನಂಗೆ ಕಣ್ಣೋಗೈತೆ, ಅಕ್ಸರ ಮರ್ತೋಗಿಲ್ಲ."

ಆಗಿನ್ನೂ ಆ ಯಂತ್ರದಲ್ಲಿ ಕನ್ನಡದ ಸಾಲುಗಳು ಖಾಲಿ ಚೌಕಗಳಾಗಿ ಬರುತ್ತಿದ್ದವು. ಟೀಚರ್ ಮೊದಲೇ ಹೇಳಿದ್ದರು. ನಾನು ಬಾಯಿ ಬಿಟ್ಟಿರಲಿಲ್ಲ.

"ನಿಂಗ್ ಗೊತ್ತಿತ್ತು," ಎಂದರು.

"ಗೊತ್ತಿತ್ತು ತಾತ."

"ನಂಗೂ ಮೊದಲ್ನೇ ದಿನಾನೇ ಗೊತ್ತಾಯ್ತು. ನೀನೇ ಯೋಳ್ತೀಯೇನೋ ಅಂತ ಇಷ್ಟ್ ದಿನ ಇದ್ನ ಮಡಿಕ್ಕಂಡಿದ್ದೆ."

ಬೈದಿದ್ದರೆ ಎದುರು ವಾದಿಸುತ್ತಿದ್ದೆ. ಅವರು ಬೈಯಲಿಲ್ಲ.

ಮರುದಿನ ಅವರ ಹಳೆಯ ಕಾದಂಬರಿಯೊಂದನ್ನು ಚಿಕ್ಕಬಾಣಾವರದ ಜೆರಾಕ್ಸ್ ಅಂಗಡಿಗೆ ಒಯ್ದು, ಪುಟ ಪುಟವನ್ನೂ ಅರ್ಧರ್ಧ ಮಾಡಿ ಹಿಗ್ಗಿಸಿ ತಂದೆ. ಒಂದೊಂದು ಹಾಳೆ ಟವೆಲಿನಷ್ಟಿತ್ತು. ದೊಡ್ಡತಾತ ಎರಡೂ ಕೈಯಲ್ಲಿ ಹಿಡಿದು ಓದಿದರು, ಊಟ ಮರಳಿತು, ಜೆರಾಕ್ಸಿನವನ ಮೇಲೆ ಅನುಮಾನವೂ ಶುರುವಾಯಿತು. ಒಂದು ಬೆಳಿಗ್ಗೆ ನಾನು ಪರೀಕ್ಷೆಗೆ ಹೊರಟಿದ್ದಾಗ ಕರೆದರು.

"ಇಲ್ಲೇನೋ ತಪ್ಪೈತೆ ಕಣಮ್ಮಿ. ಬಾವಿಗ್ ಬಿದ್ದೋನು ಎಂಗ್ ಮ್ಯಾಕ್ ಬಂದ? ಪುಸ್ತಕ ತಂದು ನೋಡು."

ತಡವಾಗಿತ್ತು. ಪತ್ತೇದಾರಿ ಕಥೆಗಳು ಹಾಗೇ ತಾತ, ಎಲ್ಲಾ ಸರಿಯಾಗಿದೆ ಎಂದು ಓಡಿದೆ. ಮಧ್ಯಾಹ್ನ ಬರುವಷ್ಟರಲ್ಲಿ ನಮ್ಮಂಗಳದಲ್ಲಿ ಶಾಮಿಯಾನದವರು ಕುರ್ಚಿ ಇಳಿಸುತ್ತಿದ್ದರು.

ದೊಡ್ಡತಾತನ ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಹಳೆಯ ಪುಸ್ತಕ ತೆಗೆದು ಹಾಳೆಗಳ ಜೊತೆ ಹೋಲಿಸುತ್ತ ಕೂತೆ. ಪುಸ್ತಕದ ನಡುವೆ ಎರಡು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಮೆಲ್ಲಗೆ ಬಿಡಿಸಿದೆ. ಬಾವಿಯೊಳಕ್ಕೆ ಹಗ್ಗ ಬಿಟ್ಟವನು ಆ ಪುಟಗಳಲ್ಲಿದ್ದ.