ಯಜಮಾನನ್ನ, ಯಜಮಾನಂದು

ನಮ್ಮ ಅತ್ತೆಗೆ ನಿಜವಾದ ಸಿಟ್ಟು ಬಂದರೆ ಮಾತು ನಿಲ್ಲುತ್ತದೆ, ಕೈ ಚುರುಕಾಗುತ್ತದೆ. ಗುತ್ತಿಗೆದಾರ ನಮ್ಮ ಬಾಗಿಲಿಗೆ ಬಂದು ಹೋದ ದಿನ ಅವಳು ಮನೆಯ ಪಾತ್ರೆಗಳನ್ನೆಲ್ಲ ಉಜ್ಜಿದಳು. ತೊಳೆದು ಬೋರಲು ಹಾಕಿದ್ದವನ್ನೂ ಇಳಿಸಿ ಮತ್ತೆ ಉಜ್ಜಿದಳು.

ಅವಳು ನನ್ನ ಅಪ್ಪನ ತಂಗಿ. ಬಂದರಿನ ಜೆಟ್ಟಿಯಲ್ಲಿ ಬೋಟುಗಳಿಗೆ ಬ್ಯಾಟರಿ ಕೂರಿಸುವುದು ಅವಳ ಕಸುಬು. ಮೀನು ಹಿಡಿಯುವ ಬೋಟುಗಳಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ನೀರಿನ ಮೇಲೇ ಸಂಸಾರ ಹೂಡುವವರ ಬೋಟುಗಳು. ಅಂಥ ಬೋಟಿಗೆ ಎರಡು ಥರದ ಬ್ಯಾಟರಿ ಬೇಕು. ಒಂದು ಇಂಜಿನ್ ಎಬ್ಬಿಸುವುದಕ್ಕೆ. ಬೆಳಿಗ್ಗೆ ಒಂದು ಸಲ ಅಬ್ಬರಿಸಿತೆಂದರೆ ಆಮೇಲೆ ದಿನವಿಡೀ ಅದಕ್ಕೆ ಕೆಲಸವಿಲ್ಲ. ಇನ್ನೊಂದು ಮನೆಯ ಬ್ಯಾಟರಿ. ದೀಪ, ಫ್ಯಾನು, ಫ್ರಿಜ್ಜು, ತಳದಲ್ಲಿ ಸೇರುವ ನೀರನ್ನು ಹೊರಹಾಕುವ ಪಂಪು, ಎಲ್ಲಕ್ಕೂ ಹಗಲೂ ರಾತ್ರಿ ಸ್ವಲ್ಪ ಸ್ವಲ್ಪವೇ ಕೊಡುತ್ತ ಇರಬೇಕಾದದ್ದು ಅದು. ಜೆಟ್ಟಿಯ ಕೆಲಸಗಾರರು ಮೊದಲನೆಯದನ್ನು ‘ಯಜಮಾನ’ ಅನ್ನುತ್ತಾರೆ, ಎರಡನೆಯದನ್ನು ‘ಯಜಮಾನಿ’. ಯಾರು ಇಟ್ಟ ಹೆಸರೋ ತಿಳಿಯದು, ಮದುವೆಯಾದವರೇ ಇಟ್ಟಿರಬೇಕು.

ಮೊದಲು ಈ ಕಸುಬು ಅಪ್ಪನದಾಗಿತ್ತು. ಅತ್ತೆ ಮನೆಯಲ್ಲಿ ಕೂತು ಬ್ಯಾಟರಿಗೆ ಸಿಕ್ಕಿಸಲು ತಂತಿಯ ತುದಿಗೆ ತಾಮ್ರದ ಕಿವಿ ಒತ್ತಿಕೊಡುತ್ತಿದ್ದಳು, ಅಷ್ಟೆ. ಅಪ್ಪ ಗುತ್ತಿಗೆದಾರನ ಕೈಕೆಳಗೆ ಕೆಲಸ ಮಾಡುತ್ತಿದ್ದ. ಆಗ ಮರದ ವ್ಯಾಪಾರಿಯೊಬ್ಬರು ಹೊಸ ಬೋಟು ಕಟ್ಟಿಸುತ್ತಿದ್ದರು. ಮನೆಯ ಬ್ಯಾಟರಿಗಳನ್ನು ಅವರೇ ಆರಿಸಿ ತಂದು ಗುತ್ತಿಗೆದಾರನ ಗೋದಾಮಿನಲ್ಲಿ ಇಟ್ಟಿದ್ದರು. ಗುತ್ತಿಗೆದಾರ ಅವನ್ನು ಇನ್ಯಾರದೋ ಅವಸರದ ಬೋಟಿಗೆ ಕೂರಿಸಿ ಕಳಿಸಿಬಿಟ್ಟಿದ್ದ. ವ್ಯಾಪಾರಿಯ ಬೋಟು ನೀರಿಗಿಳಿಯುವ ದಿನ ಬಂದಾಗ ಗೋದಾಮಿನಲ್ಲಿ ಉಳಿದದ್ದು ಇಂಜಿನ್ ಬ್ಯಾಟರಿಗಳು ಮಾತ್ರ.

ಅಪ್ಪ ಬೋಟಿನೊಳಗೆ ಮಂಡಿಯೂರಿ ಕೂತಿದ್ದ. ಗುತ್ತಿಗೆದಾರ ಜೆಟ್ಟಿಯ ಅಂಚಿನಿಂದ ಬಗ್ಗಿ ಹೇಳಿದ:

“ಯಜಮಾನನ್ನ ಹಾಕಿ ಮುಗಿಸಯ್ಯ.”

“ಮನೆಗೆ ಯಜಮಾನನ್ನ ಹಾಕಿದ್ರೆ ತಡಿಯಲ್ಲ ಸಾರ್. ಒಳಗಿನ ತಗಡು ತೆಳು. ನಾಲ್ಕು ಸಲ ಪೂರ್ತಿ ಖಾಲಿ ಆದ್ರೆ ಮುಗೀತು ಅದರ ಕಥೆ.”

“ಸದ್ಯಕ್ಕೆ ಹಾಕು. ವಾಪಸ್ ಬಂದಮೇಲೆ ಬದಲಾಯಿಸಿದ್ರಾಯ್ತು.”

ಅಪ್ಪ ಹಾಕಿದ. ವ್ಯಾಪಾರಿ ಸಂಸಾರಸಮೇತ ಹೊರಟರು. ದೂರದ ಒಂದು ದ್ವೀಪದ ಬಳಿ ಲಂಗರು ಹಾಕಿದ್ದಾಗ ಮೊದಲು ಫ್ರಿಜ್ಜು ನಿಂತಿತು, ಆಮೇಲೆ ದೀಪ, ಆಮೇಲೆ ಪಂಪು. ತಳದ ನೀರು ಹಾಸಿಗೆಯ ಮಟ್ಟಕ್ಕೆ ಬಂತು. ಕತ್ತಲಲ್ಲಿ ಪಕ್ಕದ ಬೋಟಿಗೆ ದಾಟುವಾಗ ವ್ಯಾಪಾರಿಯ ಹೆಂಡತಿ ಜಾರಿ ಬಿದ್ದು ಕೈ ಮುರಿದುಕೊಂಡರು.

ಬೋಟನ್ನು ಎಳೆದು ತಂದ ದಿನ ಜೆಟ್ಟಿಯಲ್ಲಿ ಜನ ಸೇರಿತ್ತು. ಅಷ್ಟರಲ್ಲಿ ಗುತ್ತಿಗೆದಾರ ವ್ಯಾಪಾರಿ ತಂದಿದ್ದಂಥವೇ ಬ್ಯಾಟರಿಗಳನ್ನು ಬೇರೆ ಕಡೆಯಿಂದ ತರಿಸಿ ಗೋದಾಮಿನಲ್ಲಿ ಇಟ್ಟಾಗಿತ್ತು. ವ್ಯಾಪಾರಿ ಕೇಳಿದಾಗ ಅವನ ಉತ್ತರ ಸಿದ್ಧವಾಗಿಯೇ ಇತ್ತು.

“ನಾನು ಹೇಳಿದ್ದು ‘ಯಜಮಾನಂದು ಹಾಕು’ ಅಂತ. ಅಂದ್ರೆ ನೀವು ತಂದಿಟ್ಟಿದ್ದು. ಬೇಕಾದ್ರೆ ಬನ್ನಿ, ಗೋದಾಮಲ್ಲೇ ಇದೆ. ಇವನಿಗೆ ‘ಯಜಮಾನನ್ನ ಹಾಕು’ ಅಂತ ಕೇಳಿಸಿದೆ. ಇವನ ಕಿವಿಗೂ ನಾನೇ ಜವಾಬ್ದಾರನಾ?”

“ನೀವು ಯಜಮಾನನ್ನ ಅಂತಾನೇ ಅಂದ್ರಿ,” ಅಂದ ಅಪ್ಪ.

“ಬ್ಯಾಟರಿಗೆ ಯಜಮಾನ ಅನ್ನೋ ನಿಮ್ಮ ಭಾಷೆ ನನಗೆ ಗೊತ್ತೇ ಇಲ್ಲಪ್ಪ. ನನ್ನ ಬಾಯಲ್ಲಿ ಯಜಮಾನ ಅಂದ್ರೆ ಮನುಷ್ಯ. ಎದುರಿಗೇ ನಿಂತಿದ್ದಾರೆ, ಬೆರಳು ಮಾಡಿ ತೋರಿಸ್ಲಾ?”

ಜನ ನಕ್ಕರು. ಅವನು ದಿನ ಬೆಳಗಾದರೆ ಬ್ಯಾಟರಿಗೆ ಯಜಮಾನ ಅನ್ನುವುದನ್ನು ಕೇಳಿದ್ದವರು ಅಲ್ಲೇ ಇದ್ದರು. ಎಲ್ಲರೂ ಅವನಿಂದ ಕೆಲಸ ಪಡೆಯುವವರು. ಬಣ್ಣದವನು ಡಬ್ಬಿಯೊಳಗೆ ಏನನ್ನೋ ಹುಡುಕತೊಡಗಿದ. ಹಗ್ಗದವನು ನೀರು ನೋಡಿದ. ವ್ಯಾಪಾರಿ ಎಲ್ಲರಿಗೂ ಕೇಳುವಂತೆ ಹೇಳಿದರು: “ಕಿವುಡನ್ನ ನನ್ನ ಬೋಟಿಗೆ ಹತ್ತಿಸಿಕೊಂಡಿದ್ದೇ ನನ್ನ ತಪ್ಪು.”

ಆವತ್ತಿನಿಂದ ಅಪ್ಪ ಕಿವುಡ. ಗೋಡೆಯಾಚೆ ಹಲ್ಲಿ ಲೊಚಗುಟ್ಟಿದರೂ ಕೇಳಿಸಿಕೊಳ್ಳುವ ಮನುಷ್ಯನ ಹತ್ತಿರ ಅಂಗಡಿಯವರು ಕೈಸನ್ನೆ ಮಾಡಿ ಮಾತಾಡತೊಡಗಿದರು. ಅಪ್ಪ ಜೆಟ್ಟಿ ಬಿಟ್ಟ. ಊರಿನ ಇನ್ನೊಂದು ತುದಿಯ ಓಣಿಯಲ್ಲಿ ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿಗೆ ಕೂತ. ಆ ಓಣಿಯಿಂದ ಸಮುದ್ರ ಕಾಣುವುದಿಲ್ಲ. ಕಾಣಬಾರದೆಂದೇ ಅದನ್ನು ಆರಿಸಿಕೊಂಡಿದ್ದನೆಂದು ನನಗೆ ದೊಡ್ಡವಳಾದ ಮೇಲೆ ತಿಳಿಯಿತು.

ಅಪ್ಪನ ಸಲಕರಣೆ ಚೀಲವನ್ನು ಅತ್ತೆ ಹೆಗಲಿಗೆ ಹಾಕಿಕೊಂಡು ಹೊರಟಳು. ಮೊದಮೊದಲು ‘ಕಿವುಡನ ತಂಗಿ’ ಎಂದು ಹಾಸ್ಯ ಮಾಡಿದವರೇ ಬರಬರುತ್ತ ‘ಬ್ಯಾಟರಿಯಕ್ಕ’ ಎಂದು ಕರೆಯತೊಡಗಿದರು. ಅವಳು ಮದುವೆಯಾಗಲಿಲ್ಲ. ಯಾರಾದರೂ ಕೇಳಿದರೆ, “ಜೆಟ್ಟಿಲಿ ನನಗೆ ಒಂದು ಕೆಲಸ ಬಾಕಿ ಇದೆ,” ಅನ್ನುತ್ತಿದ್ದಳು. ನಮ್ಮ ಮನೆಯಲ್ಲಿ ಅದು ಯಾವ ಕೆಲಸವೆಂದು ಯಾರೂ ಕೇಳುತ್ತಿರಲಿಲ್ಲ.

ಗುತ್ತಿಗೆದಾರ ವಯಸ್ಸಾಗಿ ವ್ಯವಹಾರ ಬಿಟ್ಟ. ಹೆಂಡತಿ, ಮಗಳು, ಅಳಿಯನನ್ನು ಕರೆದುಕೊಂಡು ತೀರದ ಉದ್ದಕ್ಕೂ ಸುತ್ತಬೇಕೆಂದು ತನಗೇ ಒಂದು ಬೋಟು ಮಾಡಿಕೊಂಡ. ಮನೆಯ ಬ್ಯಾಟರಿ ಯಾರ ಹತ್ತಿರ ಮಾಡಿಸಲಿ ಎಂದು ವಿಚಾರಿಸಿದರೆ ಎಲ್ಲರೂ ತೋರಿಸಿದ್ದು ನಮ್ಮ ಮನೆಯನ್ನು. ಬಂದವನು ಒಳಗೆ ಬರಲಿಲ್ಲ, ಬಾಗಿಲ ಚೌಕಟ್ಟಿಗೆ ಕೈಯೂರಿ ನಿಂತ.

“ಹಳೇದೆಲ್ಲ ಮನಸ್ಸಲ್ಲಿ ಇಟ್ಕೋಬೇಡಮ್ಮ. ಕೆಲಸ ಅಂದ್ಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ.”

“ಬೋಟು ಎಲ್ಲಿ ನಿಲ್ಸಿದೀರಿ?” ಅಂದಳು ಅತ್ತೆ. ಅಷ್ಟೆ.

ಅಂದು ಪಾತ್ರೆ ಉಜ್ಜಿ ಮುಗಿಸಿ ಊಟಕ್ಕೆ ಕೂತಾಗ ಅವಳು ಬಾಯಿಬಿಟ್ಟಳು.

“ಅವನ ಮನೆಗೂ ಯಜಮಾನನ್ನೇ ಹಾಕ್ತೀನಿ. ಮೇಲೆ ಯಜಮಾನಿ ಚೀಟಿ ಅಂಟಿಸಿ.”

ಅಪ್ಪನ ತುತ್ತು ನಿಂತಿತು. “ಅವನ ಹೆಂಡತಿ, ಮಗಳೂ ಇರ್ತಾರಲ್ಲೇ ಅದ್ರಲ್ಲಿ.”

“ಗೊತ್ತು. ಸುಮ್ನೆ ಹೇಳಿ ನೋಡಿದೆ, ಬಾಯಿಗೆ ರುಚಿ ಇತ್ತು.” ಸ್ವಲ್ಪ ಹೊತ್ತು ಅನ್ನ ಕಲಸಿದಳು. “ಕೆಲಸ ಕೆಟ್ರೆ ಅವನಿಗೊಂದು ಕಥೆ ಸಿಗುತ್ತೆ ಅಣ್ಣ. ಅಣ್ಣನೂ ಹಾಗೆ, ತಂಗಿನೂ ಹಾಗೆ ಅಂತ ಊರೆಲ್ಲ ಸಾರ್ತಾನೆ. ಆ ಸುಖ ಅವನಿಗೆ ಕೊಡಲ್ಲ.”

“ಮತ್ತೆ ಏನ್ ಮಾಡ್ತೀಯ?”

“ಅವನ ನಾಲಿಗೆ ಅವನ ಹತ್ರಾನೇ ಇದೆಯಲ್ಲ.”

ಮರುದಿನ ಅವಳು ಗುತ್ತಿಗೆದಾರನ ಬೋಟಿಗೆ ಹೋಗಿ, ಬೇರೆ ಯಾರ ಬೋಟಿನಲ್ಲೂ ಕೂರದಷ್ಟು ಹೊತ್ತು ಕೂತಳು. ಎಷ್ಟು ಜನ ಮಲಗುತ್ತಾರೆ, ಫ್ಯಾನು ಬೆಳಗಿನವರೆಗೂ ಬೇಕೋ, ಒಂದೇ ಕಡೆ ಲಂಗರು ಹಾಕಿ ಎಷ್ಟು ದಿನ ಇರುತ್ತೀರಿ, ಇಂಜಿನ್ ದಿನಕ್ಕೆ ಎಷ್ಟು ಹೊತ್ತು ಓಡುತ್ತದೆ, ಎಲ್ಲ ಕೇಳಿದಳು. ಅವನಿಗೆ ಬೇಸರ. “ಒಳ್ಳೇದು ಯಾವ್ದೋ ಅದನ್ನ ಹಾಕಮ್ಮ, ಲಿಥಿಯಮ್ಮೋ ಏನೋ ಅಂತಾರಲ್ಲ.”

“ಅದು ಹಗುರ, ಹೆಚ್ಚು ಕಮ್ಮಿ ಪೂರ್ತಿ ಬಳಸ್ಬಹುದು. ಸೀಸದ್ದಾದ್ರೆ ಅರ್ಧಕ್ಕೇ ನಿಲ್ಲಿಸ್ಬೇಕು. ಆದ್ರೆ ನಿಮ್ಮ ಇಂಜಿನ್ ಹಳೇದು. ನೇರ ಕೊಟ್ರೆ ಲಿಥಿಯಂ ಗಬಗಬ ಎಳ್ಕೊಂಡು ಇಂಜಿನ್ನಿನ ಡೈನಮೋನೇ ಸುಟ್ಟುಹಾಕುತ್ತೆ. ನಡುವೆ ಒಂದು ಚಾರ್ಜರ್ ಕೂರಿಸ್ಬೇಕು.”

“ಕೂರಿಸು.”

ಕೂರಿಸಿದಳು. ಮನೆಯ ಬ್ಯಾಟರಿಗಳ ಜಾಗ ಇಂಜಿನ್ನಿನ ಬಿಸಿ ತಾಗದ ಹಾಗೆ ಮೆಟ್ಟಿಲ ಕೆಳಗೆ, ಬೋಟಿನ ನಡುಮಧ್ಯಕ್ಕೆ ಮಾಡಿದಳು. ಎಲ್ಲವೂ ಒಂದೇ ಕಂಪನಿಯವು, ಒಂದೇ ಸಲ ತರಿಸಿದವು. ಹಳತು ಹೊಸತು ಬೆರಕೆಯಾದರೆ ಹಳತು ಹೊಸತನ್ನು ತಿನ್ನುತ್ತದೆ ಎನ್ನುವಳು. ಎಲ್ಲಕ್ಕೂ ಸಮನಾಗಿ ಭಾರ ಬೀಳಲೆಂದು ಕೆಂಪು ತಂತಿಯನ್ನು ಸಾಲಿನ ಮೊದಲನೆಯದರಿಂದ, ಕಪ್ಪು ತಂತಿಯನ್ನು ಕೊನೆಯದರಿಂದ ಹೊರಡಿಸಲು ಅಳತೆ ಮಾಡಿ ಕತ್ತರಿಸಿಟ್ಟಳು. ಫ್ಯೂಜು ಬ್ಯಾಟರಿಗೆ ಅಂಟಿಕೊಂಡಂತೆ ಬರಬೇಕೆಂದು ಹಲಗೆ ಕೊರೆದಳು. ಇಷ್ಟು ನಿಗಾ ಇಟ್ಟು ಮಾಡಿದ ಕೆಲಸ ಅವಳದು ಇನ್ನೊಂದಿಲ್ಲ. ತನ್ನ ಸಿಟ್ಟನ್ನೆಲ್ಲ ಅದರೊಳಗೆ ಬಿಗಿಯುತ್ತಿದ್ದಳು.

ಬ್ಯಾಟರಿ ಇಳಿಸುವ ದಿನ ಶಾಲೆಗೆ ರಜೆ ಇದ್ದದ್ದರಿಂದ ನಾನೂ ಹೋಗಿದ್ದೆ. ನಾನು ಆಗ ಪಾಠ ಹೇಳಲು ಶುರು ಮಾಡಿ ಸ್ವಲ್ಪ ಕಾಲವಾಗಿತ್ತು. ಮರದ ವ್ಯಾಪಾರಿಗೆ ಅತ್ತೆ ಹಿಂದಿನ ದಿನವೇ ಹೇಳಿಕಳಿಸಿದ್ದಳು, ನಿಮ್ಮ ಪಂಪು ನೋಡಿಕೊಡುತ್ತೇನೆ, ಬೆಳಿಗ್ಗೆ ಬನ್ನಿ ಎಂದು. ಅವರು ಬಂದು ಪಕ್ಕದ ಬೋಟಿನ ನೆರಳಲ್ಲಿ ಕೂತಿದ್ದರು. ಬಣ್ಣದವನು, ಹಗ್ಗದವನು ಚಹಾ ಹಿಡಿದು ನಿಂತಿದ್ದರು. ಗುತ್ತಿಗೆದಾರನ ಹೆಂಡತಿ, ಮಗಳು ಸಾಮಾನು ಹೊತ್ತು ಬಂದು ಬೋಟಿನ ಮೇಲೆ ಕಾಯುತ್ತಿದ್ದರು. ಇಂಜಿನ್ನಿನದೂ ಮನೆಯವೂ ಸೇರಿ ಹೊಸ ಬ್ಯಾಟರಿಗಳೆಲ್ಲ ಜೆಟ್ಟಿಯ ಮೇಲೆ ಹಲಗೆಯಲ್ಲಿ ಸಾಲಾಗಿ ಇದ್ದವು.

ಗುತ್ತಿಗೆದಾರನಿಗೆ ಒಂದು ಚಾಳಿ. ಕೆಲಸ ಮುಗಿಯುವ ಹೊತ್ತಿಗೆ ಕೆಲಸಗಾರರಿಗೆ ತಾನೇ ಕೂಗಿ ಹೇಳಿಕೊಡದಿದ್ದರೆ ಅವನಿಗೆ ಸಮಾಧಾನವಿಲ್ಲ. ಅತ್ತೆ ಆ ಚಾಳಿಯನ್ನೇ ನಂಬಿಕೊಂಡಿದ್ದಳು. ಒಂದು ಬ್ಯಾಟರಿ ಎತ್ತುವಳು, ಇಡುವಳು. ತಂತಿ ಬಿಚ್ಚುವಳು, ಸುತ್ತುವಳು. ಬಿಸಿಲು ಏರುತ್ತಿತ್ತು.

“ಏನಮ್ಮ, ಮುಹೂರ್ತ ನೋಡ್ತಿದೀಯಾ?” ಅಂದ ಅವನು.

“ಮೊದಲು ಯಾವ್ದು ಇಳಿಸ್ಲಿ ಅಂತ.”

“ಇಷ್ಟು ವರ್ಷ ಮಾಡಿ ಅದೂ ಗೊತ್ತಾಗಲ್ವಾ? ಮೊದಲು ಯಜಮಾನನ್ನ ಇಳ್ಸು. ಇಂಜಿನ್ ಪಕ್ಕ ಕೂರಿಸಿ ಪಟ್ಟಿ ಬಿಗಿ. ಆಮೇಲೆ ಯಜಮಾನಿನ ಮೆಟ್ಟಿಲ ಕೆಳಗೆ ತಳ್ಳು.”

“ಯಾರನ್ನ ಇಳಿಸ್ಲಿ?”

“ಯಜಮಾನನ್ನ.”

ಅತ್ತೆ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಈ ಬೋಟಿಗೆ ಯಜಮಾನರು ನೀವೇ ಅಲ್ವಾ? ನಿಮ್ಮನ್ನ ಇಂಜಿನ್ ಪಕ್ಕ ಕೂರಿಸಿ ಪಟ್ಟಿ ಬಿಗಿಯೋದು ಹೇಗೆ? ಹೊಟ್ಟೆ ಹಿಡಿಸ್ಬೇಕಲ್ಲ.”

ಹಗ್ಗದವನ ಬಾಯಿಂದ ಚಹಾ ಹೊರಗೆ ಚಿಮ್ಮಿತು. ಬೋಟಿನ ಮೇಲಿದ್ದ ಮಗಳೂ ನಕ್ಕಳು. ಗುತ್ತಿಗೆದಾರನ ಕಿವಿ ಕೆಂಪಾಯಿತು.

“ತಮಾಷೆ ಸಾಕು. ಬ್ಯಾಟರಿ ಕಣಮ್ಮ, ಇಂಜಿನ್ ಬ್ಯಾಟರಿ. ಇಲ್ಲಿ ಎಲ್ರೂ ಅದಕ್ಕೆ ಯಜಮಾನ ಅಂತಾನೇ ಅಲ್ವಾ ಅನ್ನೋದು.”

“ನೀವೂನಾ?”

“ನಾನೇನು ನಿನ್ನೆ ಮೊನ್ನೆ ಬಂದವನಾ? ಹುಟ್ಟಿದಾಗಿಂದ ಇದೇ ಜೆಟ್ಟಿಲಿ ಇದೀನಿ. ನಾನೂ ಹಾಗೇ ಅನ್ನೋದು.”

ಹೇಳಿ ಮುಗಿಸಿದ ಮೇಲೆ ಅವನಿಗೆ ಯಾರೂ ನಗುತ್ತಿಲ್ಲವೆಂದು ಗೊತ್ತಾಯಿತು. ಮರದ ವ್ಯಾಪಾರಿ ನೆರಳಿನಿಂದ ಎದ್ದು ಬಂದು ನಿಂತಿದ್ದರು.

“ಆ ಭಾಷೆ ನಿಮಗೆ ಗೊತ್ತೇ ಇಲ್ಲ ಅಂದಿದ್ರಿ,” ಅಂದರು.

“ಅದು... ಆಗಿನ ವಿಷಯ ಬೇರೆ.”

“ನನ್ನ ಹೆಂಡತಿ ಕೈ ಇವತ್ತಿಗೂ ಪೂರ್ತಿ ಮಡಚಲ್ಲ. ಅವತ್ತು ನೀವು ಏನು ಹೇಳಿದ್ರಿ, ಯಜಮಾನಂದಾ, ಯಜಮಾನನ್ನಾ?”

ಗುತ್ತಿಗೆದಾರ ಬಣ್ಣದವನ ಕಡೆ ನೋಡಿದ. ಹೆಂಡತಿಯ ಕಡೆ ನೋಡಿದ. “ಅಪ್ಪ, ಏನಿದು?” ಎಂದು ಮಗಳು ಕೇಳಿದಳು. ಆಗ ಅತ್ತೆ ಬ್ಯಾಟರಿ ಎತ್ತಿಕೊಂಡು ಬೋಟಿಗೆ ಇಳಿದಳು.

“ಬೇಡ, ಸಾಕು. ಬೇರೆಯವರ ಹತ್ರ ಮಾಡಿಸ್ಕೋತೀನಿ,” ಅಂದ ಅವನು.

“ಕೈ ಹಾಕಿದ ಕೆಲಸ ನಾನು ಬಿಡಲ್ಲ. ನೀವು ಸ್ವಲ್ಪ ದೂರ ನಿಂತ್ಕೊಳ್ಳಿ, ನೆರಳು ಬೀಳ್ತಿದೆ.”

ಸಂಜೆಯೊಳಗೆ ಎಲ್ಲ ಕೂರಿಸಿ, ಇಂಜಿನ್ ಎಬ್ಬಿಸದೆಯೇ ದೀಪ, ಫ್ಯಾನು, ಫ್ರಿಜ್ಜು, ಪಂಪು ಒಟ್ಟಿಗೆ ಹಾಕಿ ತೋರಿಸಿದಳು. ಒಂದು ದೀಪವೂ ಮಂಕಾಗಲಿಲ್ಲ. ತೋರಿಸಿದ್ದು ಅವನಿಗಲ್ಲ, ಮಗಳಿಗೆ. ದಾರಿಯಲ್ಲಿ ನನಗೆ ಹೇಳಿದಳು: “ಎಲ್ಲಿಗೆ ಹೋದ್ರೂ ದೀಪ ಹಾಕ್ಲೇಬೇಕಲ್ಲ ಅವನು. ಹಾಕಿದಾಗೆಲ್ಲ ನಾನು ನೆನಪಾಗ್ಲಿ. ತಣ್ಣೀರು ಕುಡಿದ್ರೂ ನಾನು ನೆನಪಾಗ್ಲಿ. ಮಗಳು ಎದುರಿಗೇ ಕೂತಿರ್ತಾಳೆ.” ಬೋಟು ಯಾರಿಗೂ ಹೇಳದೆ ಬೆಳಗಾಗುತ್ತಲೇ ಹೊರಟುಹೋಯಿತು.

ಮರದ ವ್ಯಾಪಾರಿ ನಮ್ಮ ಮನೆಗೆ ಬಂದರು. ಅಪ್ಪ ಕುರ್ಚಿ ಎಳೆದುಕೊಟ್ಟ. ಅವರು ಕೂತು, ಕೈ ಕೈ ಹೊಸೆದು, “ಅವತ್ತು ನಾನು ಹಾಗೆ ಅನ್ನಬಾರದಿತ್ತು,” ಎಂದು ಮೆಲ್ಲಗೆ ಹೇಳಿದರು. ಅಪ್ಪ ಇನ್ನೇನು ಪರವಾಗಿಲ್ಲ ಅನ್ನುವುದರಲ್ಲಿದ್ದ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ತಡೆದಳು.

“ಅವತ್ತು ನೀವು ಇಷ್ಟು ಮೆಲ್ಲಗೆ ಅಂದಿರ್ಲಿಲ್ಲ. ಮನೆಯೊಳಗೂ ಅಂದಿರ್ಲಿಲ್ಲ.”

ವ್ಯಾಪಾರಿ ಅಪ್ಪನ ಮುಖ ನೋಡಿದರು. ಈಗ ಅಪ್ಪ ಪರವಾಗಿಲ್ಲ ಅನ್ನಲಿಲ್ಲ.

ಹೀಗಾಗಿ ಒಂದು ಮಧ್ಯಾಹ್ನ, ಜೆಟ್ಟಿಯಲ್ಲಿ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ, ಮರದ ವ್ಯಾಪಾರಿ ಬಿಸಿಲಿನಲ್ಲಿ ನಿಂತು, ಈ ಮನುಷ್ಯ ಸರಿಯಾಗಿಯೇ ಕೇಳಿಸಿಕೊಂಡಿದ್ದ, ಸುಳ್ಳು ನಂಬಿದವನು ನಾನು ಎಂದು ಜೋರಾಗಿ ಹೇಳಿದರು. ಅಪ್ಪ ಒಗೆದ ಅಂಗಿ ತೊಟ್ಟು ಬಂದಿದ್ದ. ಕೊನೆಯವರೆಗೂ ನಿಂತು ಕೇಳಿದ.

“ಆಯ್ತು,” ಅಂದ.

“ಇನ್ನುಮೇಲೆ ನಮ್ಮ ಬೋಟಿನ ಕೆಲಸ ನೀವೇ ನೋಡ್ಕೊಳ್ಳಿ.”

“ಇಲ್ಲ. ನಿಮ್ಮ ಬೋಟಿಗೆ ನಾನು ಹತ್ತಲ್ಲ. ಬೇರೆಯವರದ್ದು ಬೇಕಾದಷ್ಟಿದೆ.”

ಮುಂದಿನ ವಾರ ಅಪ್ಪ ಓಣಿಯ ಅಂಗಡಿಗೆ ಬೀಗ ಹಾಕಿ ಅತ್ತೆಯ ಜೊತೆ ಹೊರಟ. ಜೆಟ್ಟಿಯ ತಿರುವಿನಲ್ಲಿ ಬಣ್ಣದವನು ಎದುರಾಗಿ, ಏನೂ ಆಗಿಲ್ಲವೆಂಬಂತೆ ಹಲ್ಲು ಕಿರಿದು, “ಬಂದ್ಯಾ ಅಣ್ಣ?” ಅಂದ. ಅಪ್ಪ ತಲೆಯಾಡಿಸಿ ಮುಂದೆ ಹೋದ.

“ಇವನು ಅವತ್ತು ಡಬ್ಬಿಯೊಳಗೆ ತಲೆ ಹಾಕ್ಕೊಂಡಿದ್ದ,” ಅಂದಳು ಅತ್ತೆ.

“ಬಿಡೇ ಸಾಕು.”

“ನೀನು ಕೆಲಸ ನೋಡ್ಕೋ ಅಣ್ಣ. ಇವನ್ನ ನನಗೆ ಬಿಡು.”